ಕಡ್ಡಿರಾಂಪುರದಲ್ಲಿ ನಾನು ಕೊಟ್ಟ ಪಾಠ

ಹೊಸಪೇಟೆಯ ಟ್ರೈನಿಂಗ್ ಶಾಲೆಯಲ್ಲಿ ನಮಗೆ ಹೆಸರಿನ ಉಪಯೋಗ ಕಡಿಮೆ ಇತ್ತು. ಹಾಜರಿ ಪುಸ್ತಕದಲ್ಲಿ ಯಾವ ನಂಬರಿತ್ತೋ ಅದರಿಂದಲೇ ಕೂಗುತ್ತಿದ್ದರು. ನಾನು ಇಪ್ಪತ್ತಮೂರು. ಎಲಿಮೆಂಟರಿ ಶಾಲೆಗೆ ಮಾಸ್ತರರಾಗಲು ತಯಾರಾಗುತ್ತಿದ್ದ ನಲವತ್ತು ಮಂದಿಯಲ್ಲಿ ಸಂಡೂರು ಸಂಸ್ಥಾನದಿಂದ ಬಂದವನು ನಾನೊಬ್ಬನೇ. ಉಳಿದವರೆಲ್ಲ ಜಿಲ್ಲೆಯವರು, ಜಿಲ್ಲಾ ಬೋರ್ಡಿನ ಶಾಲೆಗಳಿಗೆ ಹೋಗುವವರು, ಒಬ್ಬರ ಊರು ಇನ್ನೊಬ್ಬರಿಗೆ ಗೊತ್ತಿದ್ದವರು. ಆದರೆ ನಾನು ಒಂಟಿಯಾದದ್ದಕ್ಕೆ ಅದು ಕಾರಣವಲ್ಲ. ಅದನ್ನೇ ಕಾರಣ ಎಂದು ಹೇಳಿಕೊಂಡು ಕೆಲವು ತಿಂಗಳು ಸಮಾಧಾನಪಟ್ಟದ್ದುಂಟು. ಈಗ ಅಷ್ಟು ಸುಲಭದ ಸುಳ್ಳು ಬೇಡ.

ಕಾರಣ ನನ್ನ ಬಾಯಿ. ಬಳ್ಳಾರಿಯಲ್ಲಿ ಹೈಸ್ಕೂಲು ಓದುವಾಗ ಚರ್ಚಾಕೂಟದಲ್ಲಿ ನನ್ನನ್ನು ಸೋಲಿಸಿದವರಿರಲಿಲ್ಲ. ಯಾವ ಪಕ್ಷದಲ್ಲಿ ಗೆದ್ದೆ ಎಂದು ಕೇಳಬೇಡಿ. ಚೀಟಿ ಎತ್ತಿದಾಗ ಬಂದ ಪಕ್ಷವೇ ನನ್ನ ಪಕ್ಷ. ಬೆಳಿಗ್ಗೆ ಹೆಣ್ಣುಮಕ್ಕಳಿಗೆ ಓದು ಬೇಕೆಂದು ಸಾಧಿಸಿ, ಮಧ್ಯಾಹ್ನ ಚೀಟಿ ಬದಲಾದರೆ ಗಂಡುಮಕ್ಕಳಿಗೂ ಬೇಡವೆಂದು ಸಾಧಿಸಬಲ್ಲೆ. ಇದನ್ನು ನಾನು ಬುದ್ಧಿ ಎಂದುಕೊಂಡಿದ್ದೆ.

ಟ್ರೈನಿಂಗಿನಲ್ಲಿ ಈ ಬುದ್ಧಿಗೆ ಹೇಳಿಮಾಡಿಸಿದಂಥ ಒಂದು ಪದ್ಧತಿ ಇತ್ತು. ಅದಕ್ಕೆ ಕ್ರಿಟಿಸಿಜಂ ಪಾಠ ಎನ್ನುತ್ತಿದ್ದರು. ಶುಕ್ರವಾರ ನಮ್ಮಲ್ಲಿ ಒಬ್ಬ ಮಕ್ಕಳಿಗೆ ಪಾಠ ಹೇಳಬೇಕು. ಉಳಿದ ಮೂವತ್ತೊಂಬತ್ತು ಮಂದಿ ಹಿಂದೆ ಗೋಡೆಗೆ ಸಾಲಾಗಿ ಕೂತು ಪುಸ್ತಕದಲ್ಲಿ ಬರೆಯಬೇಕು: ಎಡಪುಟಕ್ಕೆ ಗುಣ, ಬಲಪುಟಕ್ಕೆ ದೋಷ. ಮಕ್ಕಳನ್ನು ಕಳಿಸಿದ ಮೇಲೆ, ಪಾಠ ಹೇಳುವ ಕ್ರಮವನ್ನು ನಮಗೆ ಕಲಿಸುತ್ತಿದ್ದ ವಿಧಾನದ ಮಾಸ್ತರರ ಎದುರು ಒಬ್ಬೊಬ್ಬರೇ ಎದ್ದು ಓದಬೇಕು. ಕೊನೆಗೆ ಮಾಸ್ತರರು ಕೆಂಪು ಮಸಿಯಲ್ಲಿ ಪಾಸೋ ನಪಾಸೋ ಬರೆಯುತ್ತಿದ್ದರು. ಆ ಒಂದು ಪಾಠ ನಪಾಸಾದರೆ ಪರೀಕ್ಷೆಗೆ ಕೂಡಿಸುತ್ತಿರಲಿಲ್ಲ. ಮತ್ತೊಂದು ವರ್ಷ ಅಲ್ಲೇ.

ನನ್ನ ಎಡಪುಟ ಯಾವಾಗಲೂ ಖಾಲಿ. ಗುಣವನ್ನು ಯಾರು ಬೇಕಾದರೂ ಹೇಳುತ್ತಾರೆ, ಅದಕ್ಕೆ ಪುರಾವೆ ಬೇಡ, ದೋಷಕ್ಕೆ ಪುರಾವೆ ಬೇಕು ಎಂಬುದು ನನ್ನ ಸಿದ್ಧಾಂತ. ಬಲಪುಟ ಸಾಲದೆ ಹಾಳೆ ಹೊಲಿದುಕೊಂಡೆ. ಹನ್ನೊಂದನೆಯವನು ಕಪ್ಪುಹಲಗೆಗೆ ಮುಖ ಮಾಡಿಕೊಂಡೇ ಅರ್ಧ ಪಾಠ ಹೇಳಿದ ಎಂದೆ. ಮೂವತ್ತನೆಯವನು ಕೇಳಿದ ಪ್ರಶ್ನೆಗಳಲ್ಲಿ ಒಂಬತ್ತಕ್ಕೆ 'ಹೌದು' ಎಂದರೆ ಸಾಕಾಗಿತ್ತು ಎಂದೆ. ಅವರ ಕಿವಿ ಕೆಂಪಾದಷ್ಟೂ ನನ್ನ ಕನ್ನಡ ಚೊಕ್ಕವಾಗುತ್ತಿತ್ತು. ದೀಪಾವಳಿ ಹೊತ್ತಿಗೆ ಊಟದ ಪಂಕ್ತಿಯಲ್ಲಿ ನನ್ನ ಎರಡೂ ಮಗ್ಗುಲಿಗೆ ಒಂದೊಂದು ಎಲೆಯಷ್ಟು ಜಾಗ ಬಿಡತೊಡಗಿದರು. ನಾನು ಬಂದರೆ ಮಾತು ನಿಲ್ಲುತ್ತಿತ್ತು. ಸಾರು ಬೇಕೆಂದರೆ ಬಡಿಸುವವನ ಕಡೆ ನಾನೇ ಕೈ ಎತ್ತಬೇಕು. ನಲವತ್ತು ಜನರ ನಡುವೆ ಇಡೀ ವಾರ ಒಂದು ಮಾತೂ ಆಡದೆ ಇದ್ದು, ಶುಕ್ರವಾರ ಮಾತ್ರ ಅರ್ಧ ಗಂಟೆ ಮಾತಾಡುವ ಮನುಷ್ಯನನ್ನು ಊಹಿಸಿಕೊಳ್ಳಿ.

ಆಮೇಲೆ ನನ್ನೊಡನೆ ಮಾತಾಡತೊಡಗಿದವರು ಒಬ್ಬರೇ: ನಾಲ್ಕನೇ ನಂಬರಿನವರು. ನಮಗೆಲ್ಲ ಇಪ್ಪತ್ತರ ಆಚೀಚೆ. ಅವರಿಗೆ ನಲವತ್ತು ಹತ್ತಿರ. ಕಂಪ್ಲಿಯ ಕಡೆ ಹೊಳೆದಂಡೆಯ ಹಳ್ಳಿಯೊಂದರಲ್ಲಿ ಟ್ರೈನಿಂಗ್ ಇಲ್ಲದೆಯೇ ಹದಿನೈದು ವರ್ಷ ಪಾಠ ಹೇಳಿದವರು. ಸರ್ಟಿಫಿಕೇಟು ತರದಿದ್ದರೆ ಕೆಲಸ ಇಲ್ಲ ಎಂದು ಬೋರ್ಡಿನವರು ಬರೆದ ಮೇಲೆ, ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು, ಹೊಸಪೇಟೆಯ ಪಕ್ಕದ ಚಿತ್ತವಾಡ್ಗಿಯಲ್ಲಿ ಒಂದು ಕೋಣೆ ಹಿಡಿದು ಬಂದಿದ್ದರು. ಅವರ ಪಾಠದಲ್ಲಿ ನಾನು ಹದಿನೇಳು ದೋಷ ಓದಿದ್ದೆ. ಓದಿ ಮುಗಿಸಿದ ಮೇಲೆ ಹೊರಗೆ ಬೇವಿನ ಮರದ ಕೆಳಗೆ ಸಿಕ್ಕರು.

"ಹದಿನೇಳೂ ಖರೆ ಐತ್ರಿ," ಅಂದರು. "ಆದ್ರ ಹದಿನೆಂಟನೇದು ಬಿಟ್ಟೀರಿ. ಕಡೀಗೆ ಲೆಕ್ಕ ತಪ್ಪು ಮಾಡಿದ್ದೆ. ಹುಡುಗ್ರು ನೋಡಿ ಸುಮ್ಕಾದ್ರು, ಪಾಪ."

ಅಂದಿನಿಂದ ದಿನಾ ಸಂಜೆ ಬಸವಣ್ಣ ಕಾಲುವೆಯ ಏರಿಯ ಮೇಲೆ ನಾವಿಬ್ಬರೂ ಒಂದು ಸುತ್ತು ಹೋಗುತ್ತಿದ್ದೆವು. ನಾನು ವಾದಿಸುತ್ತಿದ್ದೆ, ಅವರು ಕಡಲೆ ಸುಲಿಯುತ್ತಿದ್ದರು.

ಈಗ ನನ್ನ ಪಾಠದ ವಿಷಯಕ್ಕೆ ಬರುತ್ತೇನೆ. ನಮ್ಮ ಶಾಲೆಗೆ ಸೇರಿದಂತೆ ಮಕ್ಕಳ ಶಾಲೆ ಒಂದಿತ್ತು, ಅಲ್ಲಿನ ಮಕ್ಕಳ ಮೇಲೆಯೇ ಎಲ್ಲರ ಅಭ್ಯಾಸ. ವರ್ಷವರ್ಷವೂ ನಲವತ್ತು ಜನ ಅದೇ ಬಾಳೆಗಿಡ, ಅದೇ ಎತ್ತು, ಅದೇ ಮೋಡವನ್ನು ಅವರಿಗೆ ಹೇಳಿ ಹೇಳಿ, ಪಾಠದ ಐದು ಹಂತಗಳು ನಮಗಿಂತ ಅವರಿಗೇ ಚೆನ್ನಾಗಿ ಗೊತ್ತಿದ್ದವು. ನಮ್ಮಲ್ಲೊಬ್ಬನಂತೂ, "ಮಕ್ಕಳೇ, ಬೆಳಿಗ್ಗೆ ಬರುವಾಗ ದಾರಿಯಲ್ಲಿ ಏನು ನೋಡಿದಿರಿ?" ಎಂದು ಪೀಠಿಕೆ ಹಾಕುವುದೇ ತಡ, ಇಡೀ ತರಗತಿ "ಬಾಳಿಗಿಡ ಸಾರ್!" ಎಂದು ಕೂಗಿ ಅವನ ಕೆಲಸವನ್ನು ಅಲ್ಲಿಗೇ ಮುಗಿಸಿತು. ಇನ್ನೊಬ್ಬ ತಲೆಬರಹ ಬರೆಯಲು ಮರೆತಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಸುಣ್ಣದ ಕಡ್ಡಿ ಎತ್ತಿಕೊಟ್ಟಳು.

ನಾನು ಎದ್ದು ವಿಧಾನದ ಮಾಸ್ತರರಿಗೆ ಹೇಳಿದೆ: "ಸಾರ್, ಇದು ಪಾಠವಲ್ಲ, ನಾಟಕ. ಉತ್ತರ ಮೊದಲೇ ಗೊತ್ತಿರುವ ಮಕ್ಕಳಿಗೆ ಪ್ರಶ್ನೆ ಕೇಳಿ ನಾವು ಪಾಸಾಗುತ್ತಿದ್ದೇವೆ. ಅಭ್ಯಾಸವಾಗದ ಮಕ್ಕಳ ಮುಂದೆ ನಿಂತು ತೋರಿಸಿದರೆ ಅದು ಪಾಠ."

ಮಾಸ್ತರರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸಿದರು. "ಭಾಳ ಚಲೋ ಮಾತು. ಹಂಗಾದ್ರ ನಿನ್ನ ಪಾಠ ಹಂಪಿ ದಾರ್ಯಾಗಿನ ಕಡ್ಡಿರಾಂಪುರದ ಶಾಲ್ಯಾಗ ಇಡೋಣು. ಎಲ್ಲಾರೂ ನಡಕೋತ ಬರ್ತೀವಿ. ಆದ್ರ ಕೆಟ್ರ ಕೆಟ್ಟಂಗ ನೋಡಪ್ಪ. ನಪಾಸ್ ಅಂದ್ರ ನಪಾಸ್."

ಹಿಂದಿನ ಸಾಲಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ನಪಾಸು ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು: ಅದೇ ಊರು, ಅದೇ ಪಂಕ್ತಿ, ಎರಡು ಮಗ್ಗುಲಿಗೂ ಅದೇ ಖಾಲಿ ಜಾಗ, ಇನ್ನೊಂದು ವರ್ಷ. ನಾಲ್ಕನೆಯವರು ಕೂಡ ಇರುವುದಿಲ್ಲ. ಒಪ್ಪಿದೆ. ಒಪ್ಪದೆ ಇರುವ ದಾರಿಯನ್ನು ನಾನೇ ಮುಚ್ಚಿಕೊಂಡಿದ್ದೆನಲ್ಲ.

ವಿಷಯ ಕಾಲುವೆ. ಕಡ್ಡಿರಾಂಪುರದ ಮಕ್ಕಳಿಗೆ ಕಾಲುವೆ ಗೊತ್ತು. ಗೊತ್ತಿದ್ದದ್ದರಿಂದ ಗೊತ್ತಿಲ್ಲದ್ದಕ್ಕೆ ಹೋಗಬೇಕೆಂದು ನಮ್ಮ ಪುಸ್ತಕವೇ ಹೇಳುತ್ತದೆ. ಒಂದು ಮರದ ತಟ್ಟೆಯಲ್ಲಿ ಜೇಡಿಮಣ್ಣಿನಿಂದ ಗುಡ್ಡ, ಹೊಳೆ, ಕಾಲುವೆ, ನೀರು ಬಿಡುವ ತೂಬು, ಗದ್ದೆ ಎಲ್ಲ ಮಾಡಿದೆ. ತೂಬಿಗೆ ಬೆಂಕಿಪೆಟ್ಟಿಗೆಯ ಕಡ್ಡಿಯಿಂದ ಎತ್ತಿ ಇಳಿಸುವ ಬಾಗಿಲು. ನಾನು ಗುಡ್ಡದ ಊರಿನವನು, ನಮ್ಮಲ್ಲಿ ನೆಲ ಅಗೆದರೆ ಮ್ಯಾಂಗನೀಸ್ ಸಿಗುತ್ತದೆ, ನೀರಲ್ಲ. ಆದರೂ ಪುಸ್ತಕ ನೋಡಿ ಮಾಡಿದ್ದು ಚೆನ್ನಾಗಿಯೇ ಬಂತು.

ಬುಧವಾರ ಏರಿಯ ಮೇಲೆ ನಾಲ್ಕನೆಯವರು ಕೇಳಿದರು: "ನಾಳೆ ಒಂದ್ಸಲ ಆ ಊರಿಗೆ ಹೋಗಿ ಬರೋಣೇನ್ರಿ? ಕಟ್ಟಿ ಮ್ಯಾಲ ಸ್ವಲ್ಪ ಕುಂತು, ನಾಕು ಮಂದೀನ ಮಾತಾಡ್ಸಿ..."

"ಮೊದಲೇ ಹೋಗಿ ಪರಿಚಯ ಮಾಡಿಕೊಂಡರೆ ಅಭ್ಯಾಸವಾಗದ ಮಕ್ಕಳು ಹೇಗಾಗುತ್ತಾರೆ?"

"ಮಕ್ಕಳಿಗಲ್ರಿ, ಊರಿಗೆ."

"ಊರು ಪರೀಕ್ಷೆಗೆ ಕೂತಿಲ್ಲ."

ಅವರು ಕಡಲೆಸಿಪ್ಪೆಯನ್ನು ಕಾಲುವೆಗೆ ಉದುರಿಸಿ, "ನಿಮ್ಮಿಷ್ಟ," ಅಂದರು.

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ಶಾಲೆಯ ನಿಯಮದಂತೆ ಎಲ್ಲರಿಗೂ ಧೋತರ, ಮೇಲೆ ಕರಿಕೋಟು, ತಲೆಗೆ ರುಮಾಲು, ಕಂಕುಳಲ್ಲಿ ಪುಸ್ತಕ. ಹಂಪಿಯ ರಸ್ತೆಯಲ್ಲಿ ಮೂವರು ನಾಲ್ವರಾಗಿ ನಗುತ್ತ ನಡೆದರು. ನಾನು ಮಣ್ಣಿನ ತಟ್ಟೆಯನ್ನು ಎರಡು ಕೈಯಲ್ಲೂ ಹಿಡಿದು ಎಲ್ಲರಿಗಿಂತ ಹಿಂದೆ. ಆಗಾಗ ನಾಲ್ಕನೆಯವರು ನಿಂತು, "ಕೊಡ್ರಿ, ಅರ್ಧ ದಾರಿ ನಾ ಹಿಡೀತೀನಿ," ಅನ್ನುತ್ತಿದ್ದರು. ಕೊಡಲಿಲ್ಲ. ತೂಬು ಮುರಿದೀತೆಂಬ ಭಯ.

ಕಡ್ಡಿರಾಂಪುರದ ಶಾಲೆ ಒಂದೇ ದೊಡ್ಡ ಕೋಣೆಯ ಕಲ್ಲುಚಪ್ಪಡಿಯ ಕಟ್ಟಡ. ಇಪ್ಪತ್ತೆಂಟು ಮಕ್ಕಳು ನೆಲದ ಮೇಲೆ ಮಂಡಿ ಮಡಚಿ ಕೂತಿದ್ದರು. ಕರಿಕೋಟಿನವರು ಒಳಗೆ ಬಂದು ಗೋಡೆಯ ಸುತ್ತಲೂ ಕೂತು ಪುಸ್ತಕ ಬಿಚ್ಚಿದಾಗ ಒಂದು ಮಗು ಅಳಲು ಶುರುಮಾಡಿ ತಾನೇ ನಿಲ್ಲಿಸಿತು. ಬಾಗಿಲಲ್ಲಿ ಊರಿನ ಐದಾರು ಹಿರಿಯರು ಕೈಕಟ್ಟಿ ನಿಂತರು. ನಾನು ತಟ್ಟೆಯನ್ನು ಮೇಜಿನ ಮೇಲಿಟ್ಟು, ರುಮಾಲು ಸರಿಮಾಡಿಕೊಂಡು, ತಯಾರಿಸಿದ ಮೊದಲ ಪ್ರಶ್ನೆ ಕೇಳಿದೆ.

"ಮಕ್ಕಳೇ, ನಿಮ್ಮ ಗದ್ದೆಗೆ ನೀರು ಎಲ್ಲಿಂದ ಬರುತ್ತದೆ?"

ಯಾರೂ ಮಾತಾಡಲಿಲ್ಲ.

ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳಬೇಕು ಎನ್ನುತ್ತದೆ ಪುಸ್ತಕ. ಕೇಳಿದೆ. ಸುಲಭ ಮಾಡಬೇಕು. ಮಾಡಿದೆ. ಒಬ್ಬನನ್ನೇ ಎಬ್ಬಿಸಿ ಕೇಳಬೇಕು. ಎಬ್ಬಿಸಿದೆ, ಅವನು ಬಾಗಿಲ ಕಡೆ ನೋಡಿದ, ಅಲ್ಲಿ ನಿಂತಿದ್ದ ಹಿರಿಯರೊಬ್ಬರು ನೆಲ ನೋಡಿದರು, ಅವನೂ ನೆಲ ನೋಡಿದ. ನಾನು ಬೆಂಕಿಕಡ್ಡಿಯ ಬಾಗಿಲನ್ನು ಎತ್ತಿ ಚೊಂಬಿನಿಂದ ನೀರು ಹೊಯ್ದೆ. ನೀರು ಬಹಳ ಚೆಂದವಾಗಿ ಜೇಡಿಮಣ್ಣಿನ ಗದ್ದೆಗೆ ಹರಿಯಿತು. ಮಕ್ಕಳ ಕುತ್ತಿಗೆ ಉದ್ದವಾದವು. ಸರಿ, ಈಗ ಸಿಕ್ಕರು ಎಂದುಕೊಂಡು ಕೇಳಿದೆ:

"ಈ ತೂಬನ್ನು ನಿಮ್ಮ ಊರಿನಲ್ಲಿ ಯಾರು ಎತ್ತುತ್ತಾರೆ? ಯಾವಾಗ ಎತ್ತುತ್ತಾರೆ?"

ಉದ್ದವಾಗಿದ್ದ ಕುತ್ತಿಗೆಗಳು ಒಟ್ಟಿಗೆ ಒಳಗೆ ಹೋದವು. ಹೊರಗಿನಿಂದ ಹೆಂಗಸೊಬ್ಬಳು, "ಏ, ಬಾರಲೇ ಇಲ್ಲಿ!" ಎಂದು ಕೂಗಿದಳು; ಒಬ್ಬ ಎದ್ದು ಕೋಟುಗಳ ನಡುವೆ ನುಗ್ಗಿ ಓಡಿಹೋದ. ನಾನು ಮತ್ತೆ ಕೇಳಿದೆ. ಆಗ ಆ ಅರ್ಧ ಗಂಟೆಯ ಮೊದಲ ಉತ್ತರ ಬಂತು, ಇಪ್ಪತ್ತೇಳು ಬಾಯಿಂದ ಒಂದೇ ಸಲ:

"ನಮಗ ಗೊತ್ತಿಲ್ರೀ!"

ಗುಂಪು ಉತ್ತರ ದೊಡ್ಡ ದೋಷ. ನಾನೇ ಎಷ್ಟೋ ಸಲ ಬರೆದಿದ್ದೆ.

ಮಕ್ಕಳನ್ನು ಬಿಟ್ಟ ಮೇಲೆ ಅಲ್ಲಿಯೇ ವಿಮರ್ಶೆ ಶುರುವಾಯಿತು. ಮೊದಲು ಗುಣ. ಹನ್ನೊಂದನೆಯವನು ಎದ್ದು ಬಹಳ ಗಂಭೀರವಾಗಿ ಓದಿದ: "ಇವರ ಅಂಗಿ ಸ್ವಚ್ಛವಾಗಿತ್ತು. ಸುಣ್ಣದ ಕಡ್ಡಿಯನ್ನು ಎರಡು ಬೆರಳು ಮತ್ತು ಹೆಬ್ಬೆರಳ ನಡುವೆ ಹಿಡಿದರು." ಮೂವತ್ತನೆಯವನು: "ಇವರ ಧ್ವನಿ ಹಂಪಿಯವರೆಗೂ ಕೇಳಿಸುವಂತಿತ್ತು. ನೀರನ್ನು ಚೆಲ್ಲದೆ ಹೊಯ್ದರು." ಒಬ್ಬೊಬ್ಬರೂ ಎದ್ದರು, ಒಬ್ಬೊಬ್ಬರೂ ಹೊಗಳಿದರು. ದೋಷ? "ಕಾಣಲಿಲ್ಲ ಸಾರ್." "ಹುಡುಕಿದೆ ಸಾರ್, ಸಿಗಲಿಲ್ಲ." ಮೊದಲೇ ಮಾತಾಡಿಕೊಂಡಿದ್ದರು. ವಾದಿಯನ್ನು ಸೋಲಿಸುವ ದಾರಿ ಅವರಿಗೆ ಸಿಕ್ಕಿತ್ತು: ಎದುರು ನಿಲ್ಲದೇ ಇರುವುದು. ನಾನು ಮೇಜಿನ ಪಕ್ಕ ನಿಂತು, ಯಾರಾದರೂ ಒಬ್ಬ ಬೈಯಲಿ ಎಂದು ನಿಜವಾಗಿ ಹಾರೈಸಿದೆ.

ನಾಲ್ಕನೆಯವರು ಎದ್ದರು.

"ದೋಷ ಒಂದು ಐತ್ರಿ," ಅಂದರು. "ಕಾಲುವಿ ಊರಾಗ ನೀರಿನ ಮಾತು ಅಂದ್ರ ಜಗಳದ ಮಾತು. ಯಾರ ಪಾಳಿ, ಯಾರು ರಾತ್ರಿ ಏರಿ ಒಡದ್ರು, ಇದನ್ನ ಕೇಳಾಕ ಕೋಟು ಹಾಕ್ಕೊಂಡು ಪುಸ್ತಕ ಹಿಡ್ಕೊಂಡು ಸರ್ಕಾರದವ್ರು ಬರ್ತಾರ. ಹೇಳಬ್ಯಾಡ್ರಿ ಅಂತ ಮನ್ಯಾಗ ಮಕ್ಕಳಿಗೆ ಹೇಳಿರ್ತಾರ. ನಾವು ನಲವತ್ತು ಮಂದಿ ಕೋಟು ಹಾಕ್ಕೊಂಡು ಬಂದು ತೂಬು ಎತ್ತೋರು ಯಾರು ಅಂತ ಕೇಳಿದ್ವಿ. ಅವರ್ಯಾಕ ಹೇಳ್ತಾರ? ಮಾಸ್ತರಾದವ್ನು ಮೊದಲ ಇದನ್ನ ತಿಳ್ಕಬೇಕಿತ್ತು."

ಅವರ ಮಾತು ಪೂರ್ತಿ ನಿಜ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಬಾಗಿಲಲ್ಲಿ ನೆಲ ನೋಡಿದ ಹಿರಿಯನ ಮುಖ ಕಣ್ಣೆದುರಿಗೇ ಇತ್ತು. ಗೊತ್ತಾದ ಮೇಲೂ ನನ್ನ ಬಾಯಿ ತಾನಾಗಿ ತೆರೆಯಿತು.

"ಸಾರ್, ಉತ್ತರ ಕೊಡಬಹುದೆ? ಇವರ ಮಾತನ್ನೇ ಒಪ್ಪೋಣ. ಹೇಳಬೇಡಿ ಎಂದು ಮಕ್ಕಳಿಗೆ ಮನೆಯಲ್ಲಿ ಹೇಳಿದ್ದು ಯಾವಾಗ? ನಾನು ಬರುವ ಮೊದಲು. ಹಾಗಾದರೆ ಮೊದಲೇ ಮುಚ್ಚಿದ ಬಾಯಿಗೆ ಆಮೇಲೆ ಬಂದ ಪಾಠ ಹೇಗೆ ಕಾರಣ? ಇವರು ತೋರಿಸಿದ್ದು ಊರಿನ ದೋಷವನ್ನು, ಪಾಠದ ದೋಷವನ್ನಲ್ಲ. ಊರಿನ ಜಗಳ ತಿಳಿದುಕೊಳ್ಳಿ ಎಂದು ನಮ್ಮ ಪುಸ್ತಕದ ಯಾವ ಅಧ್ಯಾಯದಲ್ಲಿದೆ? ಅಧ್ಯಾಯ ಹೇಳಿದರೆ ಈಗಲೇ ಸೋಲೊಪ್ಪುತ್ತೇನೆ."

ನಾಲ್ಕನೆಯವರು, "ಅಧ್ಯಾಯ ನನಗ ಗೊತ್ತಿಲ್ರಿ," ಅಂದರು.

ಎಲ್ಲರೂ ನಕ್ಕರು. ಆ ನಗು ನನ್ನ ಪರವಾಗಿರಲಿಲ್ಲ. ಜಗಲಿಯಿಂದ ಒಬ್ಬ ಜಾರಿಬಿದ್ದರೆ ಬರುವ ನಗು ಅದು. ಮಾಸ್ತರರು ಅವರಿಗೆ, "ಪಾಠದ ಬಗ್ಗೆ ಮಾತಾಡಪ್ಪ, ಊರ ಪಂಚಾಯ್ತಿ ಬ್ಯಾಡ. ಕುಂದ್ರು," ಅಂದರು. ಆಮೇಲೆ ಕೆಂಪು ಮಸಿ ಅದ್ದಿದರು, ನಪಾಸು ಎಂದು ಬರೆಯಲಿಲ್ಲ. 'ಪಾಠ ನಡೆಯಲಿಲ್ಲ' ಎಂದು ಬರೆದರು. ಬರುವ ಶುಕ್ರವಾರ ನಮ್ಮ ಶಾಲೆಯ ಮಕ್ಕಳ ಮುಂದೆಯೇ ಅದೇ ಪಾಠ ಕೊಡಬೇಕು. ನನ್ನ ವಾದ ಗೆದ್ದಿತ್ತು.

ಅಲ್ಲಿಂದ ಹಂಪಿ ಹತ್ತಿರ. ಎಲ್ಲರೂ ಬುತ್ತಿ ಹೆಗಲಿಗೇರಿಸಿ ಹಂಪಿ ನೋಡಲು ಹೋದರು. ಬರ್ತೀಯಾ ಎಂದು ಯಾರೂ ಕೇಳಲಿಲ್ಲ. ನಾಲ್ಕನೆಯವರು ರಸ್ತೆಯ ತಿರುವಿನಲ್ಲಿ ಒಮ್ಮೆ ನಿಂತಂತೆ ಕಂಡಿತು, ಚಪ್ಪಲಿಯ ಮುಳ್ಳು ತೆಗೆಯಲಿಕ್ಕೆ. ತೆಗೆದು ಹೋದರು. ನಾನು ಒದ್ದೆ ತಟ್ಟೆ ಹಿಡಿದು ಹೊಸಪೇಟೆಯ ದಾರಿ ಹಿಡಿದೆ. ರಸ್ತೆಯ ಪಕ್ಕ ಕಾಲುವೆ ಹರಿಯುತ್ತಿತ್ತು. ತೂಬಿನ ಬಳಿ ಒಬ್ಬ ರೈತ ಕೂತಿದ್ದ. ನನ್ನ ಕೋಟು ನೋಡಿ ಎದ್ದು ನಿಂತ. ಮಾತಾಡಿಸಬೇಕೆಂದುಕೊಂಡೆ. ಏನು ಕೇಳಿದರೂ ಅವನು ಗೊತ್ತಿಲ್ಲ ಎನ್ನುತ್ತಾನೆಂದು ಮುಂದೆ ನಡೆದೆ.

ಭಾನುವಾರ ಬೆಳಿಗ್ಗೆ ನಾಲ್ಕನೆಯವರ ಚಿತ್ತವಾಡ್ಗಿಯ ಕೋಣೆಗೆ ಹೋದೆ. ಅವರು ಪುಸ್ತಕದಲ್ಲಿ ಗೆರೆ ಎಳೆಯುತ್ತ ಕೂತಿದ್ದರು.

"ಬರ್ರಿ, ಕುಂದ್ರಿ. ಚಾಪಿ ಹಾಸಲೇನು?"

"ನೀವು ಹೇಳಿದ್ದೇ ಸರಿ," ಅಂದೆ, ನಿಂತುಕೊಂಡೇ.

"ಯಾವುದ್ರಿ?"

"ನೀರಿನ ಮಾತು."

ಅವರು ನಕ್ಕರು, ಸಿಟ್ಟಿಲ್ಲದೆ. "ಕಡ್ಡಿರಾಂಪುರದಾಗ ಸುಳ್ಳಿದ್ದದ್ದು ಚಿತ್ತವಾಡ್ಗಿಗೆ ಬರೋದ್ರಾಗ ಖರೆ ಆತೇನು?"

"ಆಗಲೂ ಗೊತ್ತಿತ್ತು."

ಅವರ ಕೈಯಲ್ಲಿದ್ದ ರೂಲುದೊಣ್ಣೆ ನಿಂತಿತು. ಅಲ್ಲಿಯವರೆಗೆ ಆ ವಾದವನ್ನು ನಾನು ನಂಬಿಯೇ ಆಡಿದೆನೆಂದುಕೊಂಡಿದ್ದರೆಂದು ತೋರುತ್ತದೆ.

"ನೋಡ್ರಿ," ಅಂದರು ಆಮೇಲೆ. "ಹದಿನೈದು ವರ್ಷ ಪಾಠ ಹೇಳೀನಿ. ನನಗ ಗೊತ್ತಿರೋದು ಅಷ್ಟ. ಅದು ನಲವತ್ತು ಮಂದಿ ಮುಂದ ಬಿತ್ತು. ಎತ್ತೋದಿದ್ರ ಅಲ್ಲೇ ಎತ್ತಬೇಕ್ರಿ. ಇಲ್ಲಿ ನಾವಿಬ್ರ ಅದೀವಿ, ಅದು ಖರೆ ಅಂತ ನನಗೇನು ನೀವು ಹೇಳೋದು?"

"ಅಲ್ಲಿ ಹೇಳಿದರೆ ದೋಷ ನನ್ನದಾಗುತ್ತದೆ. ಆಗ ಆ ಪಾಠ ನಪಾಸು. ಒಂದು ವರ್ಷ."

"ಹೌದ್ರಿ. ಆಗತೈತಿ." ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಸರಿಸಿದರು. "ಅನ್ನ ಆಗೇದ. ಉಣ್ತೀರೇನು?"

ಉಂಡೆ. ಕಂಪ್ಲಿಯ ಬಾಳೆಹಣ್ಣು ಕೊಟ್ಟರು. ಸಂಜೆ ಏರಿಯ ಮೇಲೆ ಬರುತ್ತೀರಾ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ವಾರ ನಾನು ಎರಡೂ ಪಕ್ಷ ವಾದಿಸಿದೆ, ಒಬ್ಬನೇ, ಏರಿಯ ಮೇಲೆ. ಹೇಳಿಬಿಡಬೇಕು: ನಿಜವನ್ನು ಗೊತ್ತಿದ್ದೂ ಬೀಳಿಸಿದವನು ಮಕ್ಕಳಿಗೆ ಏನು ಕಲಿಸುತ್ತಾನೆ? ಹೇಳಬಾರದು: ಒಬ್ಬರ ಮಾತಿಗೆ ಗೌರವ ಬರಲು ಇನ್ನೊಬ್ಬನ ಒಂದು ವರ್ಷ ಹೋಗಬೇಕೆ? ಎರಡನೆಯ ಪಕ್ಷವೇ ಚೆನ್ನಾಗಿ ಬರುತ್ತಿತ್ತು. ಅದು ಚೆನ್ನಾಗಿ ಬಂದಷ್ಟೂ ನನಗೆ ಅದರ ಮೇಲೆ ನಂಬಿಕೆ ಕಡಿಮೆಯಾಗುತ್ತಿತ್ತು. ಆದರೆ ನಂಬಿಕೆ ಕಡಿಮೆಯಾದ ಮಾತ್ರಕ್ಕೆ ಧೈರ್ಯ ಬರುವುದಿಲ್ಲ.

ಶುಕ್ರವಾರ ಮಕ್ಕಳು ಬಂದು ಕೂತರು. ಗೋಡೆಯ ಉದ್ದಕ್ಕೂ ಮೂವತ್ತೊಂಬತ್ತು ಪುಸ್ತಕ. ವಿಧಾನದ ಮಾಸ್ತರರು, "ಇಪ್ಪತ್ತಮೂರು, ಶುರು ಮಾಡೋಕ್ಕಿಂತ ಮೊದಲ ಏನಾರ ಹೇಳೋದೈತೇನು?" ಎಂದು ಕೇಳಿದರು. ಅದು ಎಲ್ಲರಿಗೂ ಕೇಳುವ ಪ್ರಶ್ನೆ. ತಟ್ಟೆ, ನಕ್ಷೆ ಏನಾದರೂ ಬೇಕೇ ಎಂದು ಅರ್ಥ. ನಾನು ನಾಲ್ಕನೆಯವರ ಕಡೆ ನೋಡಿದೆ. ಅವರು ಪೆನ್ಸಿಲು ಚೂಪು ಮಾಡುತ್ತಿದ್ದವರು ತಲೆ ಎತ್ತಿ ನನ್ನನ್ನೇ ನೋಡಿದರು.

"ಇಲ್ಲ ಸಾರ್," ಅಂದೆ.

ನೀರು ಎಲ್ಲಿಂದ ಬರುತ್ತದೆ ಎಂದು ಕೇಳುವ ಮೊದಲೇ ಹತ್ತು ಕೈ ಮೇಲೆದ್ದವು. ತೂಬು ಎಂದರು, ಅದನ್ನು ಎತ್ತುವವನು ನೀರಗಂಟಿ ಎಂದರು, ಎತ್ತರದಿಂದ ತಗ್ಗಿಗೆ ಎಂದರು. ಒಬ್ಬೊಬ್ಬರಾಗಿ, ಪೂರ್ಣ ವಾಕ್ಯದಲ್ಲಿ, ನಮ್ಮ ಪುಸ್ತಕ ಬಯಸುವಂತೆ. ಕೊನೆಯ ಹಂತಕ್ಕೆ ಬಂದಾಗ ಅವರೇ ಸ್ಲೇಟು ತೆಗೆದು ಚಿತ್ರ ಬರೆಯಲು ಕೂತರು. ನಾನು ಅದನ್ನು ನಾಟಕ ಎಂದಿದ್ದೆ. ಆ ದಿನ ಆ ಮಕ್ಕಳ ಕಾಲಿಗೆ ಬೀಳುವಷ್ಟು ಕೃತಜ್ಞತೆ ನನಗಿತ್ತು.

ವಿಮರ್ಶೆಯಲ್ಲಿ ಉಳಿದವರು ಈ ಸಲ ಹೊಗಳಲೂ ಇಲ್ಲ. ಒಂದು ಗುಣ, ಒಂದು ಸಣ್ಣ ದೋಷ ಓದಿ ಕೂತರು; ಆಟ ಅವರಿಗೂ ಸಾಕಾಗಿತ್ತು.

"ನಾಲ್ಕು?" ಎಂದು ಮಾಸ್ತರರು ಕೂಗಿದರು.

ಅವರು ಎದ್ದರು. ಪುಸ್ತಕ ಮುಚ್ಚಿತ್ತು.

"ಹೇಳಾಕ ಏನೂ ಇಲ್ರಿ ಸಾರ್."

ಕೆಂಪು ಮಸಿಯಲ್ಲಿ ಪಾಸು ಬಿತ್ತು. ಪರೀಕ್ಷೆ ಮುಗಿಯುವವರೆಗೂ ನಾವಿಬ್ಬರೂ ಅದೇ ಶಾಲೆಯಲ್ಲಿದ್ದೆವು. ಎದುರಾದಾಗ ಅವರು ಮುಖ ತಿರುಗಿಸುತ್ತಿರಲಿಲ್ಲ. ದಾರಿ ಬಿಟ್ಟು ಪಕ್ಕಕ್ಕೆ ಸರಿದು, ಶಾಲೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರಿಗೆ ಮುಗಿಯುವಂತೆ ಎರಡೂ ಕೈ ಜೋಡಿಸಿ, "ನಮಸ್ಕಾರ್ರಿ" ಎನ್ನುತ್ತಿದ್ದರು.